ಊರಿನವರೊಡನೆ ಕೂತು ಮಾಡುವ ಮೌಲ್ಯಮಾಪನ: ಎಂಎಸ್‌ಡಬ್ಲ್ಯು ವಿದ್ಯಾರ್ಥಿಗಳಿಗೆ ಮಾರ್ಗದರ್ಶಿ

ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಎರಡನೆಯ ವರ್ಷದಲ್ಲಿ ಹೆಚ್ಚಿನ ಕಡೆ ಒಂದು ಕಿರುಪ್ರಬಂಧ ಬರೆಯಬೇಕಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಹಿಡಿಯುವ ದಾರಿ ಎಲ್ಲರಿಗೂ ಗೊತ್ತಿರುವಂಥದ್ದು: ಜಿಲ್ಲೆಯ ಹೆಸರಿಟ್ಟು ಕೊನೆಗೆ ‘ಒಂದು ಅಧ್ಯಯನ’ ಎಂದು ಸೇರಿಸಿದ ಶೀರ್ಷಿಕೆ, ಹಿಂದಿನ ವರ್ಷದವರಿಂದ ಪಡೆದ ಪ್ರಶ್ನಾವಳಿ, ಐವತ್ತು ಜನರ ಉತ್ತರ, ಶೇಕಡಾವಾರು ಕೋಷ್ಟಕಗಳು, ಕಡೆಯಲ್ಲಿ ‘ಸರ್ಕಾರ ಹೆಚ್ಚಿನ ಗಮನ ಕೊಡಬೇಕು’ ಎಂಬ ಸಲಹೆ. ಉತ್ತರ ಕೊಟ್ಟ ಆ ಐವತ್ತು ಮಂದಿಗೆ ಪ್ರಬಂಧದಲ್ಲಿ ಏನು ಬರೆದಿದೆ ಎಂಬುದು ತಿಳಿಯುವ ಸಂದರ್ಭವೇ ಬರುವುದಿಲ್ಲ. ಸೇವೆ ಪಡೆಯುವವರನ್ನು ಪ್ರಶ್ನೆ ರೂಪಿಸುವುದರಿಂದ ಹಿಡಿದು ಉತ್ತರವನ್ನು ಅರ್ಥೈಸುವವರೆಗೆ ಪಾಲುದಾರರನ್ನಾಗಿ ಮಾಡಿಕೊಳ್ಳುವ ಸಮುದಾಯ ಆಧಾರಿತ ಸಂಶೋಧನೆಗೆ ಇದಕ್ಕಿಂತ ಹೆಚ್ಚು ಸಮಯ ಬೇಕು, ಹೆಚ್ಚು ಓಡಾಟ ಬೇಕು. ಆದರೂ ಒಂದೇ ಗ್ರಾಮ ಪಂಚಾಯಿತಿಯ ಮಟ್ಟಕ್ಕೆ ಇಳಿಸಿಕೊಂಡರೆ ಎರಡು ಸೆಮಿಸ್ಟರ್‌ಗಳಲ್ಲಿ ಒಬ್ಬ ವಿದ್ಯಾರ್ಥಿ ಅದನ್ನು ಮಾಡಿ ಮುಗಿಸಬಹುದು ಎಂಬುದು ನನ್ನ ನಂಬಿಕೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಓದುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಅದರ ಹಂತಗಳನ್ನು ಇಲ್ಲಿ ವಿವರಿಸುತ್ತಿದ್ದೇನೆ. ಉದಾಹರಣೆಗೆ ಉದ್ದಕ್ಕೂ ಒಂದೇ ಸೇವೆಯನ್ನು ತೆಗೆದುಕೊಂಡಿದ್ದೇನೆ: ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡಲು ರಾಜ್ಯದಾದ್ಯಂತ 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆ.

ಕಾಲೇಜು ಆರಿಸಿಕೊಳ್ಳುವಾಗ

ತುಮಕೂರು ಜಿಲ್ಲೆಯವರಿಗೆ 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾನಿಲಯದಲ್ಲಿ ಸಮಾಜಕಾರ್ಯ ವಿಭಾಗವಿದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾಲೇಜುಗಳು ಕೋಲಾರದಲ್ಲಿ ಕೇಂದ್ರವಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಬರುತ್ತವೆ. ಊರು ಬಿಟ್ಟು ಹೋಗಲು ಸಿದ್ಧರಿರುವವರಿಗೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಕೆಲಸದಲ್ಲಿದ್ದುಕೊಂಡೇ ಓದಬೇಕೆನ್ನುವವರು ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ) ದೂರಶಿಕ್ಷಣದ ಎಂಎಸ್‌ಡಬ್ಲ್ಯುವನ್ನು ನೋಡಬಹುದು. ಸಂಸ್ಥೆಯ ಹೆಸರಿಗಿಂತ ಮೂರು ವಿಷಯಗಳನ್ನು ವಿಚಾರಿಸಿಕೊಳ್ಳುವುದು ಮುಖ್ಯ. ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರದ ಪತ್ರಿಕೆ ಕಿರುಪ್ರಬಂಧಕ್ಕಿಂತ ಮೊದಲಿನ ಸೆಮಿಸ್ಟರ್‌ನಲ್ಲಿ ಬರುತ್ತದೆಯೇ, ಪ್ರಬಂಧ ಕಡ್ಡಾಯವೋ ಐಚ್ಛಿಕವೋ, ಕ್ಷೇತ್ರಕಾರ್ಯದ ಮೇಲ್ವಿಚಾರಕರು ವಾರಕ್ಕೊಮ್ಮೆ ವರದಿ ನೋಡಿ ಸಹಿ ಹಾಕುವವರೋ ಅಥವಾ ಕ್ಷೇತ್ರಕ್ಕೆ ಬಂದು ವಿದ್ಯಾರ್ಥಿಯ ಜೊತೆ ಕೂರುವವರೋ ಎಂಬುದನ್ನು ಹಿರಿಯ ವಿದ್ಯಾರ್ಥಿಗಳಲ್ಲಿ ಕೇಳಿದರೆ ನೇರ ಉತ್ತರ ಸಿಗುತ್ತದೆ. ನನ್ನ ಮಟ್ಟಿಗೆ ಮೂರನೆಯದು ಉಳಿದೆರಡಕ್ಕಿಂತ ದೊಡ್ಡದು.

ಕ್ಷೇತ್ರಕಾರ್ಯ ಮತ್ತು ಕಿರುಪ್ರಬಂಧ ಒಂದೇ ಪಂಚಾಯಿತಿಯಲ್ಲಿ ನಡೆಯುವಂತೆ ಮೊದಲೇ ಮಾತಾಡಿಕೊಳ್ಳಿ. ವಾರಕ್ಕೆ ಎರಡು ದಿನ ಹೇಗೂ ಕ್ಷೇತ್ರಕ್ಕೆ ಹೋಗುವ ವಿದ್ಯಾರ್ಥಿಗೆ ಆ ಊರಿನ ಪರಿಚಯ, ಬಸ್ಸಿನ ಸಮಯ, ಯಾರ ಮನೆಯ ಜಗಲಿಯ ಮೇಲೆ ಹೆಂಗಸರು ಸೇರುತ್ತಾರೆ ಎಂಬ ತಿಳಿವಳಿಕೆ ಪ್ರಬಂಧ ಆರಂಭವಾಗುವ ಹೊತ್ತಿಗೆ ತಾನಾಗಿ ಬಂದಿರುತ್ತದೆ.

ಸೇವೆಯನ್ನು, ಅದರೊಳಗಿನ ಪ್ರಶ್ನೆಯನ್ನು ಹುಡುಕುವುದು

ಸಂಶೋಧನೆ ಮತ್ತು ಮೌಲ್ಯಮಾಪನದ ನಡುವೆ ಇರುವ ವ್ಯತ್ಯಾಸವನ್ನು ಇಲ್ಲಿಯೇ ಮನಸ್ಸಿಗೆ ತಂದುಕೊಳ್ಳಬೇಕು. ‘ಪಾವಗಡ ತಾಲ್ಲೂಕಿನ ಗರ್ಭಿಣಿಯರ ಆಹಾರ ಪದ್ಧತಿ’ ಎಂಬುದು ಸಂಶೋಧನೆಯ ವಿಷಯ. ‘ಈ ಪಂಚಾಯಿತಿಯಲ್ಲಿ ಮಾತೃಪೂರ್ಣದ ಊಟ ಯಾರಿಗೆ ತಲುಪುತ್ತಿದೆ, ಯಾರಿಗೆ ತಲುಪುತ್ತಿಲ್ಲ, ಏಕೆ?’ ಎಂಬುದು ಮೌಲ್ಯಮಾಪನದ ಪ್ರಶ್ನೆ. ಅದಕ್ಕೆ ಸಿಗುವ ಉತ್ತರದ ಮೇಲೆ ಯಾರಾದರೂ ಏನನ್ನಾದರೂ ಬದಲಿಸಬಹುದು. ಪ್ರಶ್ನೆಯನ್ನು ಬರೆದಿಟ್ಟು, ಅದರ ಉತ್ತರ ಸಿಕ್ಕಿದ ಮಾರನೆಯ ದಿನ ಅಂಗನವಾಡಿ ಕಾರ್ಯಕರ್ತೆಯಾಗಲಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಲಿ, ಸಿಡಿಪಿಒ (ಅಂಗನವಾಡಿಗಳ ಹೊಣೆ ಹೊತ್ತ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಗಲಿ ಏನು ಬೇರೆ ಮಾಡಬಲ್ಲರು ಎಂದು ಕೇಳಿಕೊಳ್ಳಿ. ಯಾರೂ ಏನೂ ಮಾಡಲಾರರು ಎಂದಾದರೆ ಪ್ರಶ್ನೆಯನ್ನು ಬದಲಿಸಿ.

ಆದರೆ ಈ ಪ್ರಶ್ನೆ ವಿದ್ಯಾರ್ಥಿಯ ಮೇಜಿನ ಮೇಲೆ ಹುಟ್ಟಬಾರದು. ಮೊದಲ ತಿಂಗಳು ಟಿಪ್ಪಣಿ ಪುಸ್ತಕವನ್ನು ಹೆಚ್ಚು ತೆರೆಯದೆ ಊರಿನಲ್ಲಿ ಓಡಾಡಿ. ಅಂಗನವಾಡಿಯ ಬಾಗಿಲು ತೆರೆಯುವ ಹೊತ್ತಿನಿಂದ ಊಟದ ತಟ್ಟೆ ತೊಳೆಯುವವರೆಗೆ ಕೆಲವು ದಿನ ಅಲ್ಲಿಯೇ ಇರಿ. ಸ್ವಸಹಾಯ ಸಂಘದ ವಾರದ ಸಭೆ ಮುಗಿದ ಮೇಲೆ ಹತ್ತು ನಿಮಿಷ ಕೇಳಿ ಪಡೆದು, ‘ನಮ್ಮೂರಲ್ಲಿ ಸರ್ಕಾರದ ಯಾವ ಕೆಲಸ ನಿಮಗೆ ಉಪಯೋಗವಾಗ್ತಿದೆ, ಯಾವುದು ಹೆಸರಿಗಷ್ಟೇ ಇದೆ?’ ಎಂದು ಕೇಳಿ. ನೀವು ಅಂಗನವಾಡಿಯ ಊಟವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿರಬಹುದು, ಅವರು ಫ್ಲೋರೈಡ್ ನೀರಿನ ಮಾತನ್ನೋ, ಕೆಟ್ಟು ನಿಂತ ಶುದ್ಧ ನೀರಿನ ಘಟಕದ ಮಾತನ್ನೋ, ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ತೆರೆದ ಕೂಸಿನ ಮನೆಯ ಮಾತನ್ನೋ ಎತ್ತಬಹುದು. ಆಗ ಅವರ ಮಾತಿನ ಕಡೆಗೆ ತಿರುಗುವ ಧೈರ್ಯ ವಿದ್ಯಾರ್ಥಿಗೂ ಮಾರ್ಗದರ್ಶಕರಿಗೂ ಇರಬೇಕು. ವಿಷಯದ ಶೀರ್ಷಿಕೆಯನ್ನು ವಿಭಾಗಕ್ಕೆ ಒಪ್ಪಿಸುವ ಕೊನೆಯ ದಿನಾಂಕಕ್ಕಿಂತ ಮೊದಲೇ ಈ ಓಡಾಟ ಮುಗಿದಿರುವಂತೆ ನೋಡಿಕೊಳ್ಳುವುದು ಅದಕ್ಕಾಗಿಯೇ.

ಮಾನದಂಡಗಳ ಬಗ್ಗೆ ಒಂದು ಮಾತು. ಅಭಿವೃದ್ಧಿ ಯೋಜನೆಗಳ ಮೌಲ್ಯಮಾಪನಕ್ಕೆ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯಾದ ಒಇಸಿಡಿಯ ಅಭಿವೃದ್ಧಿ ನೆರವು ಸಮಿತಿ 1991ರಲ್ಲಿ ಐದು ಮಾನದಂಡಗಳನ್ನು ಮುಂದಿಟ್ಟಿತು: ಪ್ರಸ್ತುತತೆ, ಪರಿಣಾಮಕಾರಿತ್ವ, ದಕ್ಷತೆ, ದೂರಗಾಮಿ ಪರಿಣಾಮ, ಸುಸ್ಥಿರತೆ. 2019ರಲ್ಲಿ ಇವುಗಳಿಗೆ ಸುಸಂಗತತೆ, ಅಂದರೆ ಬೇರೆ ಯೋಜನೆಗಳೊಡನೆ ಇರುವ ಹೊಂದಿಕೆ, ಸೇರಿತು. ಎಲ್ಲ ಆರನ್ನೂ ಕಿರುಪ್ರಬಂಧದಲ್ಲಿ ತುಂಬಲು ಹೋದರೆ ಒಂದೂ ಆಳಕ್ಕೆ ಇಳಿಯುವುದಿಲ್ಲ, ಎರಡನ್ನು ಆರಿಸಿಕೊಳ್ಳಿ. ಮಾತೃಪೂರ್ಣದಂಥ ಯೋಜನೆಯಲ್ಲಿ ಊಟ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಗರ್ಭಿಣಿಯ ತಪಾಸಣೆ ಆರೋಗ್ಯ ಇಲಾಖೆಯದು. ಈ ಎರಡು ಇಲಾಖೆಗಳ ಪಟ್ಟಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದೇ ಸುಸಂಗತತೆಯ ಒಂದು ಒಳ್ಳೆಯ ಅಧ್ಯಾಯವಾಗಬಲ್ಲದು. ದೂರಗಾಮಿ ಪರಿಣಾಮದ ತಂಟೆಗೆ ಮಾತ್ರ ಹೋಗಬೇಡಿ. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಲೆಕ್ಕ. ತಾಯಿ ಕಾರ್ಡಿನಲ್ಲಿ ಆ ಅಂಕಿ ಏರಿದ್ದು ಅಂಗನವಾಡಿಯ ಊಟದಿಂದಲೋ, ಕಬ್ಬಿಣಾಂಶದ ಮಾತ್ರೆಯಿಂದಲೋ, ತವರಿನ ಆರೈಕೆಯಿಂದಲೋ ಎಂದು ಒಂದು ಪಂಚಾಯಿತಿಯ ಅಲ್ಪಾವಧಿಯ ಅಧ್ಯಯನದಿಂದ ಹೇಳಲಾಗುವುದಿಲ್ಲ.

ಅನುಮತಿ ಮತ್ತು ಊರಿನ ಸಲಹಾ ಗುಂಪು

ವಿಭಾಗದ ಮುಖ್ಯಸ್ಥರಿಂದ ಪತ್ರ ಪಡೆದು ಸಿಡಿಪಿಒ ಅವರಿಗೆ ಅರ್ಜಿ ಕೊಡಿ. ಜಿಲ್ಲಾ ಮಟ್ಟದಲ್ಲಿ ಇಲಾಖೆಯ ಉಪನಿರ್ದೇಶಕರ ಒಪ್ಪಿಗೆ ಬೇಕೆಂದು ಅವರು ಹೇಳಿದರೆ ಅಲ್ಲಿಗೂ ಹೋಗಿ. ಗ್ರಾಮ ಪಂಚಾಯಿತಿಯ ಅಧ್ಯಕ್ಷರಿಗೂ ಪಿಡಿಒಗೂ ಒಂದು ಪುಟದ ವಿವರ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇದೆಲ್ಲ ಮುಗಿಯುವುದಕ್ಕೆ ಒಂದು ತಿಂಗಳು ಹಿಡಿಯಬಹುದೆಂದು ಲೆಕ್ಕ ಹಾಕಿಕೊಂಡರೆ ಗಾಬರಿಯಾಗುವುದಿಲ್ಲ.

ಮೇಲಿನಿಂದ ಬಂದ ಅನುಮತಿಯಿಂದಲೇ ಒಂದು ತೊಡಕು ಹುಟ್ಟುತ್ತದೆ. ಸಿಡಿಪಿಒ ಕಚೇರಿಯ ಪತ್ರ ಹಿಡಿದು ಬಂದ ಹುಡುಗಿಯನ್ನು ಅಂಗನವಾಡಿ ಕಾರ್ಯಕರ್ತೆ ತನಿಖೆಗೆ ಬಂದವಳೆಂದೇ ನೋಡುತ್ತಾರೆ. ಗೌರವಧನದ ಮೇಲೆ ದುಡಿಯುತ್ತ, ದಾಖಲಾತಿ, ತೂಕ, ಸಮೀಕ್ಷೆ, ಮೊಬೈಲ್ ಆ್ಯಪ್ ಎಲ್ಲವನ್ನೂ ಹೊತ್ತಿರುವ ಆಕೆಯನ್ನು ಹೆದರಿಸಿ ಪಡೆದ ಮಾಹಿತಿಗೆ ಬೆಲೆಯಿಲ್ಲ. ಆದ್ದರಿಂದ ಪತ್ರವನ್ನು ಕೈಗಿಡುವ ಮೊದಲು ಆಕೆಯ ಜೊತೆ ಕೂತು, ಅಧ್ಯಯನದಿಂದ ಆಕೆಗೆ ಏನು ತಿಳಿಯಬೇಕಿದೆ ಎಂದು ಕೇಳಿ. ಕಟ್ಟಡ, ಸಾಮಗ್ರಿಯ ಸರಬರಾಜು, ಗ್ಯಾಸ್ ಸಿಲಿಂಡರು, ಮೊಟ್ಟೆಯ ದರದ ಬಗ್ಗೆ ಆಕೆಗೂ ಪ್ರಶ್ನೆಗಳಿರುತ್ತವೆ. ಅವುಗಳಲ್ಲಿ ಒಂದಾದರೂ ನಿಮ್ಮ ಅಧ್ಯಯನದೊಳಗೆ ಬರಲಿ.

ಇದಾದ ಮೇಲೆ ಐದಾರು ಜನರ ಒಂದು ಸಲಹಾ ಗುಂಪನ್ನು ಕಟ್ಟಿಕೊಳ್ಳಿ. ಅಂಗನವಾಡಿಗೆ ಹೊಂದಿಕೊಂಡಿರುವ ಬಾಲವಿಕಾಸ ಸಮಿತಿಯಲ್ಲಿ ತಾಯಂದಿರಿರುತ್ತಾರೆ. ಅಲ್ಲಿಂದ ಆರಂಭಿಸಬಹುದು, ಆದರೆ ಅಲ್ಲಿಗೇ ನಿಲ್ಲಿಸಬಾರದು. ಇತ್ತೀಚೆಗೆ ಹೆರಿಗೆಯಾದ ಇಬ್ಬರು, ಊಟಕ್ಕೆ ಬರುವುದನ್ನು ಬಿಟ್ಟ ಒಬ್ಬರು, ಆಶಾ ಕಾರ್ಯಕರ್ತೆ, ಒಬ್ಬ ಅತ್ತೆ, ಊರಿನಿಂದ ದೂರವಿರುವ ಕೇರಿಯ ಅಥವಾ ತಾಂಡಾದ ಒಬ್ಬ ಹೆಣ್ಣುಮಗಳು ಇದರಲ್ಲಿರಲಿ. ಅತ್ತೆಯನ್ನು ಏಕೆ ಸೇರಿಸಬೇಕೆಂದರೆ, ಬಾಣಂತಿ ಹೊಸಿಲು ದಾಟಬಹುದೋ ಇಲ್ಲವೋ, ಏನನ್ನು ತಿನ್ನಬಹುದು, ಏನು ‘ನಂಜು’ ಎಂಬುದನ್ನು ಬಹಳ ಮನೆಗಳಲ್ಲಿ ನಿರ್ಧರಿಸುವವರು ಅವರೇ. ಪ್ರಶ್ನೆಗಳನ್ನು ತಿದ್ದುವಾಗ ಒಮ್ಮೆ, ಕ್ಷೇತ್ರಕಾರ್ಯದ ನಡುವೆ ಒಮ್ಮೆ, ಫಲಿತಾಂಶ ಬಂದಾಗ ಒಮ್ಮೆ ಈ ಗುಂಪು ಸೇರಿದರೆ ಸಾಕು. ಕೂಲಿ ಬಿಟ್ಟು ಬರುವವರಿಗೆ ಆ ಹೊತ್ತಿನ ಕೂಲಿಯನ್ನೋ ಬಸ್ ಖರ್ಚನ್ನೋ ಕೊಡುವ ಬಗ್ಗೆ ಮಾರ್ಗದರ್ಶಕರೊಡನೆ ಮೊದಲೇ ಮಾತಾಡಿ. ಅವರ ಸಮಯವನ್ನು ಪುಕ್ಕಟೆ ಎಂದು ಭಾವಿಸುವುದು ತಪ್ಪು.

ದಾಖಲೆಗಳನ್ನು ಮೊದಲು ಓದಿ

ಮನೆ ಮನೆಗೆ ಹೋಗುವ ಮುಂಚೆ ಈಗಾಗಲೇ ಬರೆದಿಟ್ಟಿರುವುದನ್ನು ಓದಬೇಕು. ಜಿಲ್ಲೆಯ ಒಟ್ಟಾರೆ ಚಿತ್ರಕ್ಕೆ 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಪತ್ರಿಕೆಗಳಿವೆ. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯ ಜನಸಂಖ್ಯೆ 26,78,980, ಕೋಲಾರದ್ದು 15,36,401, ಚಿಕ್ಕಬಳ್ಳಾಪುರದ್ದು 12,55,104. ಊರುವಾರು ಅಂಕಿಗಳೂ ಅದರಲ್ಲಿ ಸಿಗುತ್ತವೆ, ಹಳೆಯದಾಗಿವೆ ಎಂಬ ಎಚ್ಚರದೊಡನೆ ಬಳಸಿಕೊಳ್ಳಬೇಕು. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ರಾಜ್ಯದ ಯೋಜನೆಗಳ ಮೌಲ್ಯಮಾಪನ ವರದಿಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಅವುಗಳಲ್ಲಿ ಎರಡನ್ನಾದರೂ ಪೂರ್ತಿ ಓದಿದರೆ ಪ್ರಶ್ನೆಯನ್ನು ಸೂಚಕವಾಗಿ, ಅಂದರೆ ಎಣಿಸಿ ಅಳೆಯಬಹುದಾದ ಗುರುತಾಗಿ, ಇಳಿಸುವುದು ಹೇಗೆಂದು ತಿಳಿಯುತ್ತದೆ.

ಕೆಲವು ಮಾಹಿತಿ ಕೇಳಿದರೂ ಸಿಗದಿದ್ದಾಗ 2005ರ ಮಾಹಿತಿ ಹಕ್ಕು ಕಾಯ್ದೆಯನ್ನು ಬಳಸಿ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು 150 ಪದಗಳನ್ನು ಮೀರಬಾರದು, ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನಗಳ ಅವಕಾಶವಿರುತ್ತದೆ. ಫಲಾನುಭವಿಗಳ ಹೆಸರು ಕೇಳಿದರೆ ವೈಯಕ್ತಿಕ ಮಾಹಿತಿಯೆಂದು ನಿರಾಕರಿಸಬಹುದು, ಕೇಳುವುದೂ ಸರಿಯಲ್ಲ. ‘ಇಂಥ ಪಂಚಾಯಿತಿಯ ಅಂಗನವಾಡಿಗಳಲ್ಲಿ ತಿಂಗಳುವಾರು ದಾಖಲಾದ ಗರ್ಭಿಣಿ, ಬಾಣಂತಿಯರ ಸಂಖ್ಯೆ ಮತ್ತು ಬಡಿಸಿದ ಊಟಗಳ ಸಂಖ್ಯೆ’ ಎಂದು ಕೇಳಿದರೆ ಬೇಕಾದದ್ದು ಸಿಗುತ್ತದೆ. ಮೊದಲು ಬಾಯಿಮಾತಿನಲ್ಲಿ, ಆಮೇಲೆ ಪತ್ರದಲ್ಲಿ, ಕೊನೆಗೆ ಈ ಅರ್ಜಿ. ಮೊದಲ ದಿನವೇ ಅರ್ಜಿ ಹಾಕಿದರೆ ವರ್ಷವಿಡೀ ಆ ಕಚೇರಿಯ ಬಾಗಿಲು ಬಿಗಿಯಾಗುತ್ತದೆ.

ಸೇವೆಯ ಕೊಂಡಿಗಳನ್ನು ಬರೆಯುವುದು

ಒಂದು ದೊಡ್ಡ ಹಾಳೆಯಲ್ಲಿ ಸೇವೆ ನಡೆಯುವ ಕ್ರಮವನ್ನು ಬರೆಯಿರಿ. ಸಾಮಗ್ರಿ ಅಂಗನವಾಡಿಗೆ ಬರಬೇಕು, ಅಡುಗೆಯಾಗಬೇಕು, ಗರ್ಭಿಣಿ ಬರಬೇಕು, ಆಕೆಯೇ ಉಣ್ಣಬೇಕು, ತಿಂಗಳಲ್ಲಿ ಸಾಕಷ್ಟು ದಿನ ಉಣ್ಣಬೇಕು, ಆ ಊಟ ಮನೆಯ ಊಟಕ್ಕೆ ಹೆಚ್ಚುವರಿಯಾಗಿರಬೇಕೇ ಹೊರತು ಅದರ ಬದಲಿಯಾಗಬಾರದು. ಪ್ರತಿಯೊಂದು ಕೊಂಡಿಯ ಪಕ್ಕದಲ್ಲಿ ಎರಡು ಕಲಂ ಎಳೆದು, ಒಂದರಲ್ಲಿ ಇದನ್ನು ತೋರಿಸುವ ದಾಖಲೆ ಯಾವುದು ಎಂದೂ ಇನ್ನೊಂದರಲ್ಲಿ ಇದನ್ನು ಯಾರನ್ನು ಕೇಳಬೇಕು ಎಂದೂ ಬರೆಯಿರಿ. ಕಟ್ಟಡವಿಲ್ಲ, ಸಿಬ್ಬಂದಿ ಕಡಿಮೆ, ಅನುದಾನ ಬಂದಿಲ್ಲ ಎಂಬ ಸಾಮಾನ್ಯ ದೂರುಗಳಿಂದ ವಿದ್ಯಾರ್ಥಿಯನ್ನು ಮೇಲೆತ್ತುವುದು ಈ ಹಾಳೆಯೇ.

ಹಾಜರಿ ಪುಸ್ತಕದ ಉದಾಹರಣೆಯನ್ನೇ ನೋಡಿ. ಒಬ್ಬ ಗರ್ಭಿಣಿಯ ಹೆಸರಿನ ಎದುರು ತಿಂಗಳಿಗೆ ಇಪ್ಪತ್ತೆರಡು ದಿನ ಹಾಜರಿ ಇದೆ ಎಂದುಕೊಳ್ಳೋಣ. ಮನೆಗೆ ಹೋಗಿ ಕೇಳಿದರೆ ಆಕೆ ಏಳೆಂಟು ದಿನ ಹೋಗಿದ್ದೆ ಎನ್ನುತ್ತಾರೆ. ಅವಸರದಲ್ಲಿ ‘ಸುಳ್ಳು ಲೆಕ್ಕ’ ಎಂದು ಬರೆದುಬಿಡುವ ಮೊದಲು ಉಳಿದ ದಿನಗಳ ಊಟ ಎಲ್ಲಿ ಹೋಯಿತು ಎಂದು ವಿಚಾರಿಸಿ. ಅತ್ತೆ ಡಬ್ಬಿ ತಂದು ಊಟ ತುಂಬಿಸಿಕೊಂಡು ಹೋಗಿರಬಹುದು. ಮನೆಯಲ್ಲಿ ಆ ಡಬ್ಬಿಯನ್ನು ಮಕ್ಕಳು, ಗಂಡ ಹಂಚಿಕೊಂಡಿರಬಹುದು. ಮೊಟ್ಟೆ ದೊಡ್ಡ ಮಗನ ತಟ್ಟೆಗೆ ಹೋಗಿರಬಹುದು. ಕಾರ್ಯಕರ್ತೆಯ ದೃಷ್ಟಿಯಲ್ಲಿ ಊಟ ಕೊಟ್ಟದ್ದು ನಿಜ, ಗರ್ಭಿಣಿಯ ದೃಷ್ಟಿಯಲ್ಲಿ ಉಣ್ಣದಿದ್ದದ್ದೂ ನಿಜ. ‘ಬಡಿಸಿದ ಊಟ’ ಎಂಬ ಸೂಚಕ ಮತ್ತು ‘ಗರ್ಭಿಣಿ ಉಂಡ ಊಟ’ ಎಂಬ ಸೂಚಕ ಬೇರೆ ಬೇರೆ ಎಂಬುದು ಆಗ ಗೊತ್ತಾಗುತ್ತದೆ. ನಿಮ್ಮ ಪ್ರಬಂಧದ ತಿರುಳು ಈ ಎರಡರ ನಡುವಿನ ಅಂತರದಲ್ಲಿಯೇ ಇರಬಹುದು.

ಭಾಷೆ, ಹಂಗಾಮು, ಕೇಳುವ ಬಗೆ

ಈ ಮೂರು ಜಿಲ್ಲೆಗಳಲ್ಲಿ ಕನ್ನಡದ ಪ್ರಶ್ನಾವಳಿ ಒಂದೇ ಸಾಲದು. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ಅನೇಕ ಮನೆಗಳ ಮಾತು ತೆಲುಗು. ಕೆಜಿಎಫ್‌ನ ಕಾಲೊನಿಗಳಲ್ಲಿ ತಮಿಳು. ಶಿಡ್ಲಘಟ್ಟ, ಚಿಂತಾಮಣಿಯ ಮುಸ್ಲಿಂ ಮೊಹಲ್ಲಾಗಳಲ್ಲಿ ದಖನಿ ಉರ್ದು. ಹೊರಗಿನವರೊಡನೆ ಕನ್ನಡದಲ್ಲಿ ಮಾತಾಡಬಲ್ಲವರು ಕೂಡ ಹೆರಿಗೆ, ಹಸಿವು, ಮನೆಯ ಜಗಳದ ಮಾತನ್ನು ಮನೆಯ ಭಾಷೆಯಲ್ಲಿಯೇ ಬಿಡಿಸಿ ಹೇಳುವುದು. ಸಲಹಾ ಗುಂಪಿನ ಒಬ್ಬರಿಂದ ಪ್ರತಿ ಪ್ರಶ್ನೆಯನ್ನು ಆ ಭಾಷೆಯಲ್ಲಿ ಹೇಳಿಸಿ, ಪ್ರಶ್ನಾವಳಿಯನ್ನು ನೋಡದ ಇನ್ನೊಬ್ಬರಿಂದ ಅದನ್ನು ಕನ್ನಡಕ್ಕೆ ತಿರುಗಿ ಹೇಳಿಸಿಕೊಳ್ಳಿ. ಹೊಂದದ ಪ್ರಶ್ನೆಗಳನ್ನು ತಿದ್ದಿದ ಮೇಲೆ ಪಕ್ಕದ ಪಂಚಾಯಿತಿಯ ನಾಲ್ಕೈದು ಮಂದಿಯ ಹತ್ತಿರ ಪರೀಕ್ಷಿಸಿ ನೋಡಿ.

‘ಊಟ ಚೆನ್ನಾಗಿದೆಯಾ?’ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಅದರಲ್ಲೂ ಕಾರ್ಯಕರ್ತೆ ಪಕ್ಕದಲ್ಲಿ ನಿಂತಿದ್ದರೆ ಬೇರೆ ಉತ್ತರವನ್ನು ನಿರೀಕ್ಷಿಸುವುದೇ ಅನ್ಯಾಯ. ತೃಪ್ತಿಯನ್ನು ಕೇಳುವ ಬದಲು ನಡೆದದ್ದನ್ನು ಕೇಳಿ: ‘ಅಕ್ಕಾ, ನಿನ್ನೆ ಮಧ್ಯಾಹ್ನ ಊಟ ಎಲ್ಲಿ ಮಾಡಿದ್ರಿ? ಏನೇನಿತ್ತು? ಜೊತೆಗೆ ಯಾರಿದ್ರು? ಮೊನ್ನೆ?’ ಹೀಗೆ ದಿನ ಹಿಂದಕ್ಕೆ ಹೋಗುತ್ತ ಕೇಳಿದಾಗ ನೆನಪಿಗೆ ಹಿಡಿತ ಸಿಗುತ್ತದೆ, ಉತ್ತರ ದೂರಿನ ರೂಪವನ್ನೂ ಹೊಗಳಿಕೆಯ ರೂಪವನ್ನೂ ಬಿಟ್ಟು ಬರುತ್ತದೆ.

ಗುಂಪಿನಲ್ಲಿ ಕಾರಣಗಳನ್ನು ತೂಗಿ ನೋಡಲು, ಊರವರೇ ಚಿತ್ರ ಬರೆದು, ಎಣಿಸಿ, ಚರ್ಚಿಸುವ ಸಹಭಾಗಿ ವಿಧಾನಗಳು ಬಹಳ ಉಪಯುಕ್ತ. ಈ ವಿಧಾನಗಳನ್ನು ಭಾರತಕ್ಕೆ ಒಗ್ಗಿಸುವಲ್ಲಿ ಬೆಂಗಳೂರಿನ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 1980ರ ದಶಕದ ಕೊನೆಯಿಂದಲೇ ಕೆಲಸ ಮಾಡಿದೆ, ಹಾಗಾಗಿ ಅವು ನಮ್ಮ ಹಳ್ಳಿಗಳಿಗೆ ಹೊಸವಲ್ಲ. ಅಂಗನವಾಡಿಗೆ ಬರದಿರಲು ಇರುವ ಕಾರಣಗಳನ್ನು ಹೆಂಗಸರಿಂದಲೇ ಹೇಳಿಸಿ, ಒಂದೊಂದಕ್ಕೂ ಒಂದು ಚಿತ್ರವನ್ನು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬರೆಯಿಸಿ: ದಾರಿ, ಬಿಸಿಲು, ಕೂಲಿ, ಅತ್ತೆ, ವಾಂತಿ. ಪ್ರತಿಯೊಬ್ಬರ ಕೈಗೂ ಹತ್ತು ಹುಣಸೆ ಬೀಜ ಕೊಟ್ಟು ಯಾವ ಕಾರಣ ಎಷ್ಟು ದೊಡ್ಡದೋ ಅಷ್ಟು ಬೀಜ ಇಡಲು ಹೇಳಿ. ಬೀಜ ಇಡುವಾಗ ನಡೆಯುವ ವಾದ, ಒಬ್ಬರು ಇಟ್ಟ ಬೀಜವನ್ನು ಇನ್ನೊಬ್ಬರು ಎತ್ತಿ ಪಕ್ಕಕ್ಕೆ ಸರಿಸುವುದು, ಅದಕ್ಕೆ ಅವರು ಕೊಡುವ ಕಾರಣ, ಇವುಗಳನ್ನು ಕೊನೆಯ ಎಣಿಕೆಗಿಂತ ಹೆಚ್ಚು ಗಮನವಿಟ್ಟು ಬರೆದುಕೊಳ್ಳಿ. ಆದರೆ ಗುಂಪಿನಲ್ಲಿ ಬಾಯಿಗೆ ಬಾರದ ಕಾರಣಗಳೂ ಇರುತ್ತವೆ. ಅಂಗನವಾಡಿ ಯಾವ ಕೇರಿಯಲ್ಲಿದೆ, ಅಡುಗೆ ಮಾಡುವ ಸಹಾಯಕಿ ಯಾವ ಜಾತಿಯವರು ಎಂಬುದರಿಂದ ಯಾರು ಬಂದು ಉಣ್ಣುತ್ತಾರೆ ಎಂಬುದು ನಿರ್ಧಾರವಾಗುತ್ತಿದ್ದರೆ, ಅದನ್ನು ಹತ್ತು ಮಂದಿಯ ಎದುರು ಯಾರೂ ಹೇಳುವುದಿಲ್ಲ. ಅಂಥದ್ದು ಗೊತ್ತಾಗುವುದು ಒಬ್ಬೊಬ್ಬರೊಡನೆ ಮಾಡುವ ಮಾತುಕತೆಯಿಂದ ಮತ್ತು ಅಂಗನವಾಡಿಯಲ್ಲಿ ಊಟದ ಹೊತ್ತಿಗೆ ಸುಮ್ಮನೆ ಕೂತು ನೋಡುವುದರಿಂದ.

ಕಾಲವನ್ನು ಊರಿನ ಪಂಚಾಂಗಕ್ಕೆ ಹೊಂದಿಸಿಕೊಳ್ಳಿ. ಪಾವಗಡ, ಶಿರಾದ ಕಡೆ ಕಡಲೆಕಾಯಿ ಬಿತ್ತುವಾಗ ಮತ್ತು ಕೀಳುವಾಗ, ರಾಗಿ ಕೊಯ್ಲಿನ ನವೆಂಬರ್, ಡಿಸೆಂಬರ್‌ನಲ್ಲಿ, ಶ್ರೀನಿವಾಸಪುರದಲ್ಲಿ ಮಾವು ಇಳಿಯುವ ಬೇಸಿಗೆಯ ಕೊನೆಯಲ್ಲಿ ಹಗಲು ಹೊತ್ತು ಮನೆಯಲ್ಲಿ ಯಾರೂ ಸಿಗುವುದಿಲ್ಲ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಹಣ್ಣಾಗುವ ಮುಂಚಿನ ವಾರ ಸೊಪ್ಪು ಹಾಕುವುದರಲ್ಲೇ ಮನೆಮಂದಿ ನಿದ್ದೆಗೆಡುತ್ತಾರೆ. ಆ ವಾರ ಅವರ ಬಾಗಿಲು ತಟ್ಟಬಾರದು. ವಿಶ್ವವಿದ್ಯಾನಿಲಯದ ವೇಳಾಪಟ್ಟಿ ಇದಕ್ಕೆ ಬಗ್ಗುವುದಿಲ್ಲವಾದ್ದರಿಂದ ಸೆಮಿಸ್ಟರ್ ಆರಂಭದಲ್ಲಿಯೇ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಸಂದರ್ಶನದ ವಾರಗಳನ್ನು ಗುರುತು ಹಾಕಿಕೊಳ್ಳಿ. ಇನ್ನೊಂದು ಮಾತು: ಸುಗ್ಗಿಯ ಕಾಲದಲ್ಲಿ ಗರ್ಭಿಣಿಯರು ಊಟಕ್ಕೆ ಬರುವುದು ಕಡಿಮೆಯಾಗುತ್ತದೆಯೇ ಎಂಬುದೂ ನಿಮ್ಮ ಪ್ರಶ್ನೆಯ ಭಾಗವೇ, ಆದ್ದರಿಂದ ಹಾಜರಿಯನ್ನು ತಿಂಗಳುವಾರು ಬಿಡಿಸಿ ನೋಡಿ.

ಒಪ್ಪಿಗೆ, ಗುಟ್ಟು, ಕಾನೂನು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಗಳು ಆರೋಗ್ಯ ಸಂಶೋಧನೆಗೆ ಸಂಬಂಧಿಸಿದವಾದರೂ ಪೋಷಣೆಯ ಅಧ್ಯಯನ ಮಾಡುವವರು ಅವುಗಳನ್ನು ಪಾಲಿಸುವುದು ಒಳ್ಳೆಯದು. ಓದು ಬಾರದವರಿಗೆ ಒಪ್ಪಿಗೆ ಪತ್ರವನ್ನು ಓದಿ ಹೇಳಿ, ನಿಷ್ಪಕ್ಷಪಾತಿಯಾದ ಒಬ್ಬ ಸಾಕ್ಷಿಯ ಎದುರು ಹೆಬ್ಬೆಟ್ಟು ಪಡೆಯಬೇಕು. ಆ ಸಾಕ್ಷಿ ಅಂಗನವಾಡಿ ಕಾರ್ಯಕರ್ತೆ ಆಗಿರಬಾರದು. ಒಪ್ಪದಿದ್ದರೂ ಊಟ, ರೇಷನ್, ಗೃಹಲಕ್ಷ್ಮಿಯ ಹಣ ಯಾವುದೂ ನಿಲ್ಲುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕು. ಒಪ್ಪಿದರೆ ಅವು ಹೊಸದಾಗಿ ಬರುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ‘ಎರಡು ತಿಂಗಳಿಂದ ದುಡ್ಡು ಬಂದಿಲ್ಲ, ಬರ್ಕೊಳ್ಳಮ್ಮ’ ಎಂದು ಯಾರಾದರೂ ಹೇಳಿದಾಗ ಸುಮ್ಮನೆ ಬರೆದುಕೊಂಡು ಎದ್ದು ಬರುವುದು ಆಸೆ ಹುಟ್ಟಿಸಿದಂತೆ. ಯಾವ ಕಚೇರಿಗೆ ಯಾವ ಕಾಗದ ಹಿಡಿದು ಹೋಗಬೇಕೆಂಬ ಒಂದು ಪಟ್ಟಿ, ಜೊತೆಗೆ ತುರ್ತು ನೆರವಿನ 112, ಆಂಬುಲೆನ್ಸ್‌ನ 108, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ಹಿರಿಯ ನಾಗರಿಕರ 14567 ಸಂಖ್ಯೆಗಳು ನಿಮ್ಮ ಚೀಲದಲ್ಲಿರಲಿ.

ಎಲ್ಲವನ್ನೂ ಗುಟ್ಟಾಗಿಡುತ್ತೇನೆ ಎಂದು ಮಾತು ಕೊಡಬೇಡಿ, ಏಕೆಂದರೆ ಆ ಮಾತನ್ನು ಕಾನೂನು ಉಳಿಸಿಕೊಳ್ಳಲು ಬಿಡದ ಸಂದರ್ಭಗಳಿವೆ. ಗರ್ಭಿಣಿಯರ ಅಧ್ಯಯನದಲ್ಲಿ ಹದಿನೆಂಟು ತುಂಬದ ಹುಡುಗಿ ಎದುರಾಗುವ ಸಾಧ್ಯತೆ ಇದ್ದೇ ಇರುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆದರೂ ಅದನ್ನು ಪೊಲೀಸರಿಗೆ ತಿಳಿಸಬೇಕು. ಮದುವೆಯಾಗಿದೆ ಎಂಬುದು ಇಲ್ಲಿ ವಿನಾಯಿತಿಯಾಗುವುದಿಲ್ಲ. ಹಾಗೆ ತಿಳಿಸಿದ ಮೇಲೆ ಆ ಹುಡುಗಿಯ ಬದುಕಿನಲ್ಲಿ ಏನೇನಾಗಬಹುದು ಎಂಬುದೂ ಸಣ್ಣ ವಿಷಯವಲ್ಲ. ಇದನ್ನು ಕ್ಷೇತ್ರದಲ್ಲಿ ಒಬ್ಬರೇ ನಿಂತು ನಿರ್ಧರಿಸುವ ಸ್ಥಿತಿ ವಿದ್ಯಾರ್ಥಿಗೆ ಬರಬಾರದು. ಅಧ್ಯಯನ ಆರಂಭಿಸುವ ಮೊದಲೇ ಮಾರ್ಗದರ್ಶಕರೊಡನೆ ಕೂತು, ಇಂಥ ಪ್ರಸಂಗ ಬಂದರೆ ಯಾರಿಗೆ ಫೋನ್ ಮಾಡಬೇಕು, ಹುಡುಗಿಯ ಜೊತೆ ಯಾರಿರಬೇಕು, ಒಪ್ಪಿಗೆ ಪತ್ರದಲ್ಲಿ ಇದನ್ನು ಮೊದಲೇ ಹೇಗೆ ತಿಳಿಸಬೇಕು ಎಂದು ಬರೆದಿಟ್ಟುಕೊಳ್ಳಿ. ವಿಭಾಗದಲ್ಲಿ ನೈತಿಕ ಸಮಿತಿ ಇದ್ದರೆ ಅದರ ಮುಂದೆ ಇಡಿ. ಇಲ್ಲವಾದರೆ ವಿಭಾಗದ ಮುಖ್ಯಸ್ಥರಿಂದಾದರೂ ಸಹಿ ಮಾಡಿಸಿ.

ಹೆಸರು ಬಿಟ್ಟ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ. ಒಂದೇ ಅಂಗನವಾಡಿಯಿರುವ ಊರಿನ ಹೆಸರು ಬರೆದು ‘ಕಾರ್ಯಕರ್ತೆ ಹೀಗೆಂದರು’ ಎಂದು ಸೇರಿಸಿದರೆ ಅದು ಹೆಸರು ಬರೆದಂತೆಯೇ. ಪಂಚಾಯಿತಿಯ ಹೆಸರನ್ನೇ ಬಿಟ್ಟು ತಾಲ್ಲೂಕನ್ನು ಮಾತ್ರ ಉಳಿಸಿ. ಆಧಾರ್ ಸಂಖ್ಯೆ, ರೇಷನ್ ಕಾರ್ಡಿನ ಸಂಖ್ಯೆ ಬೇಡವೇ ಬೇಡ.

ಎಷ್ಟು ಜನ, ಹೇಗೆ ಲೆಕ್ಕ

ಒಂದು ಪಂಚಾಯಿತಿಯಲ್ಲಿ ಗರ್ಭಿಣಿಯರು ಮತ್ತು ಆರು ತಿಂಗಳೊಳಗಿನ ಮಕ್ಕಳ ತಾಯಂದಿರ ಸಂಖ್ಯೆ ಕೈಗೆ ಸಿಗುವಷ್ಟೇ ಇರುತ್ತದೆ. ಮಾದರಿ ಆರಿಸುವುದಕ್ಕಿಂತ ಎಲ್ಲರನ್ನೂ ಮಾತಾಡಿಸುವುದು ಮೇಲು. ಇಲ್ಲಿ ಅಂಗನವಾಡಿಯ ಪಟ್ಟಿಯನ್ನಷ್ಟೇ ನೆಚ್ಚಿಕೊಂಡರೆ ಸೇವೆಯಿಂದ ಪೂರ್ತಿ ಹೊರಗುಳಿದವರು ತಪ್ಪಿಹೋಗುತ್ತಾರೆ. ಆಶಾ ಕಾರ್ಯಕರ್ತೆಯ ಪಟ್ಟಿಯೊಡನೆ ಅದನ್ನು ಹೋಲಿಸಿ. ವಲಸೆ ಬಂದ ಇಟ್ಟಿಗೆ ಗೂಡಿನ, ಕೋಳಿ ಫಾರಂನ ಕುಟುಂಬಗಳನ್ನು ಬೇರೆಯಾಗಿ ಹುಡುಕಿ. ಸೇವೆ ದೊಡ್ಡದಾಗಿದ್ದಾಗ ಮಾತ್ರ ಎಷ್ಟು ಮನೆ ಸಾಕೆಂದು ಹೇಳುವ ಯಮಾನೆಯ ಸೂತ್ರದ ಅಗತ್ಯ ಬೀಳುತ್ತದೆ: 200 ಮನೆಗಳಿಗೆ ಶೇಕಡ 5ರ ದೋಷಮಿತಿ ಇಟ್ಟರೆ 200ನ್ನು 1.5ರಿಂದ (1 + 200 × 0.05 × 0.05) ಭಾಗಿಸಿ ಸುಮಾರು 133 ಮನೆಗಳು ಬೇಕಾಗುತ್ತವೆ. ಆ ಮನೆಗಳನ್ನು ಚೀಟಿ ಎತ್ತಿಯೋ ಕ್ರಮಬದ್ಧವಾಗಿಯೋ ಆರಿಸದೆ, ಸಿಕ್ಕವರನ್ನು ಕೇಳಿದರೆ ಸೂತ್ರಕ್ಕೆ ಅರ್ಥವಿಲ್ಲ.

ಉತ್ತರಗಳನ್ನು ಮೊಬೈಲ್‌ನಲ್ಲಿ ತುಂಬಲು ಕೋಬೋ ಟೂಲ್‌ಬಾಕ್ಸ್ ಅನುಕೂಲ. ನೆಟ್‌ವರ್ಕ್ ಇಲ್ಲದ ಕಡೆಯೂ ಅದು ನಡೆಯುತ್ತದೆ, ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಹಾಕಬಹುದು. ಲೆಕ್ಕಕ್ಕೆ ಎಕ್ಸೆಲ್ ಸಾಕು. ಸಂಖ್ಯೆ ನಲವತ್ತು, ಐವತ್ತರ ಒಳಗಿದ್ದರೆ ಶೇಕಡಾವಾರಿನ ಜೊತೆ ನೇರ ಎಣಿಕೆಯನ್ನೂ ಬರೆಯಿರಿ.

ಫಲಿತಾಂಶವನ್ನು ಊರಿಗೆ ಒಪ್ಪಿಸುವುದು

ಪ್ರಬಂಧಕ್ಕೆ ಬೈಂಡಿಂಗ್ ಆಗುವ ಮೊದಲೇ ಇದು ನಡೆಯಬೇಕು, ಏಕೆಂದರೆ ಇಲ್ಲಿ ಬರುವ ತಿದ್ದುಪಡಿಗಳು ಪ್ರಬಂಧದೊಳಗೆ ಸೇರಬೇಕು. ದಾಖಲೆಯನ್ನು ಜನರ ಮುಂದೆ ಓದಿ ತಾಳೆ ನೋಡುವ ಪದ್ಧತಿಗೆ ನಮ್ಮ ದೇಶದಲ್ಲಿ ಗಟ್ಟಿಯಾದ ಹಿನ್ನೆಲೆಯಿದೆ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ 1994ರಲ್ಲಿ ಕಾಮಗಾರಿಯ ಲೆಕ್ಕಗಳನ್ನು ಊರವರ ಎದುರು ಓದುವ ಜನಸುನವಾಯಿಗಳನ್ನು ಆರಂಭಿಸಿತು. ಆ ಹೋರಾಟ ಮಾಹಿತಿ ಹಕ್ಕಿನ ಕಾನೂನಿನವರೆಗೆ ಹೋಯಿತು. 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಕಲಂ ಗ್ರಾಮಸಭೆಯ ಸಾಮಾಜಿಕ ಪರಿಶೋಧನೆಯನ್ನು ಕಡ್ಡಾಯಗೊಳಿಸಿತು. ನೀವು ಮಾಡುತ್ತಿರುವುದು ಅಷ್ಟು ದೊಡ್ಡದಲ್ಲ, ಆದರೆ ಅದೇ ಸಾಲಿಗೆ ಸೇರಿದ ಕೆಲಸ.

ಮೊದಲು ಅಂಗನವಾಡಿ ಕಾರ್ಯಕರ್ತೆಗೆ ಒಬ್ಬರಿಗೇ ತೋರಿಸಿ. ಸಭೆಯಲ್ಲಿ ಆಕೆಗೆ ಗೊತ್ತಿಲ್ಲದ ಒಂದು ಮಾತೂ ಬರಬಾರದು. ಆಮೇಲೆ ಸಲಹಾ ಗುಂಪು. ಅದಾದ ಮೇಲೆ ವಾರ್ಡ್ ಸಭೆ. 1993ರ ಪಂಚಾಯತ್ ರಾಜ್ ಅಧಿನಿಯಮದಡಿ ವಾರ್ಡ್ ಸಭೆ, ಗ್ರಾಮಸಭೆಗಳು ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು, ದಿನಾಂಕವನ್ನು ಪಿಡಿಒ ಅವರಿಂದ ಮೊದಲೇ ತಿಳಿದುಕೊಳ್ಳಿ. ಹೆಂಗಸರು ಗ್ರಾಮಸಭೆಯಲ್ಲಿ ಮಾತಾಡದ ಊರಾದರೆ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯನ್ನೇ ಬಳಸಿಕೊಳ್ಳಿ. ಚಾರ್ಟ್ ಹಾಳೆಯ ಮೇಲೆ ನಾಲ್ಕೈದು ವಿಷಯಗಳನ್ನು ಮಾತ್ರ ಚಿತ್ರಗಳ ಮೂಲಕ ತೋರಿಸಿ, ಪ್ರತಿಯೊಂದರ ನಂತರ ‘ಇದು ಸರಿಯಾ? ಬೇರೆ ಥರ ಇದೆಯಾ?’ ಎಂದು ಕೇಳಿ ನಿಲ್ಲಿ. ಒಪ್ಪದವರ ಮಾತನ್ನು ಪ್ರಬಂಧದಲ್ಲಿ ಅವರ ಮಾತಾಗಿಯೇ ದಾಖಲಿಸಿ. ನಿಮ್ಮ ಅಂಕಿ ಒಂದನ್ನು ಹೇಳಿ ಊರು ಇನ್ನೊಂದನ್ನು ಹೇಳಿದ ಕಡೆ ಎರಡೂ ಇರಲಿ.

ಸಿಡಿಪಿಒ ಕಚೇರಿಗೆ ನೂರು ಪುಟದ ಪ್ರಬಂಧ ಕೊಟ್ಟರೆ ಅದು ಕಪಾಟು ಸೇರುತ್ತದೆ. ಎರಡು ಪುಟದ ಕನ್ನಡ ಟಿಪ್ಪಣಿ ಮಾಡಿ, ಪ್ರತಿ ಸಲಹೆಯ ಎದುರು ಅದನ್ನು ಯಾರು ಮಾಡಬಹುದು, ಅದಕ್ಕೆ ಹೊಸ ಹಣ ಬೇಕೋ ಬೇಡವೋ ಎಂದು ಬರೆಯಿರಿ. ಊಟದ ಸಮಯವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುವುದು ಮೇಲ್ವಿಚಾರಕಿಯ ಮಟ್ಟದಲ್ಲಿ ಆಗಬಹುದಾದ ಕೆಲಸ. ದೂರದ ತಾಂಡಾಕ್ಕೆ ಪ್ರತ್ಯೇಕ ಕೇಂದ್ರ ಬೇಕೆಂಬುದು ಜಿಲ್ಲೆ, ರಾಜ್ಯದ ಮಟ್ಟದ್ದು. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಮೊದಲನೆಯದೂ ಆಗುವುದಿಲ್ಲ.

ಬರೆದು ಮುಗಿಸಿದ ಮೇಲೆ

ಪ್ರಬಂಧವನ್ನು ಕನ್ನಡದಲ್ಲಿ ಬರೆಯಲು ನಿಮ್ಮ ವಿಶ್ವವಿದ್ಯಾನಿಲಯದ ನಿಯಮ ಅವಕಾಶ ಕೊಡುತ್ತದೆಯೇ ಎಂದು ವಿಭಾಗದಲ್ಲಿ ಕೇಳಿ, ಅವಕಾಶವಿದ್ದರೆ ಬಳಸಿಕೊಳ್ಳಿ. ಊರಿನ ಯಾರಾದರೂ ಅದನ್ನು ಓದಬಲ್ಲರು. ಮುಂದೆ ಅಧ್ಯಾಪನ, ಪಿಎಚ್‌ಡಿಯ ಕಡೆ ಹೋಗುವವರಿಗೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಸಮಾಜಕಾರ್ಯದ ವಿಷಯ ಸಂಕೇತ 10. ರಾಜ್ಯಮಟ್ಟದ ಕೆಸೆಟ್ ಕೂಡ ಇದೆ. ಸ್ವಯಂಸೇವಾ ಸಂಸ್ಥೆಗಳ ಮೌಲ್ಯಮಾಪನ ವಿಭಾಗದಲ್ಲಿ ಕೆಲಸ ಹುಡುಕುವವರು ಸಂದರ್ಶನಕ್ಕೆ ಪ್ರಬಂಧಕ್ಕಿಂತ ಆ ಎರಡು ಪುಟದ ಟಿಪ್ಪಣಿಯನ್ನು ತೆಗೆದುಕೊಂಡು ಹೋಗುವುದು ಒಳ್ಳೆಯದು.

ಒಂದು ಪ್ರತಿ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಹೋಗಲಿ. ಹೆಸರುಗಳನ್ನು ತೆಗೆದ ದತ್ತಾಂಶ, ತಿದ್ದಿದ ಪ್ರಶ್ನಾವಳಿ, ಅದರ ತೆಲುಗು ಅಥವಾ ಉರ್ದು ರೂಪ, ಸೇವೆಯ ಕೊಂಡಿಗಳ ಹಾಳೆ, ಇವೆಲ್ಲವನ್ನೂ ವಿಭಾಗದಲ್ಲಿ ಮುಂದಿನ ವರ್ಷದ ವಿದ್ಯಾರ್ಥಿಗೆ ಸಿಗುವಂತೆ ಇಡಿ. ಸಲಹಾ ಗುಂಪಿನವರು ಒಪ್ಪಿದರೆ ಆ ವಿದ್ಯಾರ್ಥಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಪರಿಚಯಿಸಿ. ಅದೇ ಪಂಚಾಯಿತಿಯಲ್ಲಿ ಅದೇ ಪ್ರಶ್ನೆಗಳನ್ನು ಮರುವರ್ಷ ಕೇಳಿದಾಗಲೇ ಊಟದ ಸಮಯ ಬದಲಾದ ಮೇಲೆ ಬರುವವರ ಸಂಖ್ಯೆ ಏರಿತೇ ಎಂಬುದು ತಿಳಿಯುತ್ತದೆ. ಒಂದು ಬಾರಿಯ ಅಧ್ಯಯನಕ್ಕೆ ಅದನ್ನು ಹೇಳುವ ಶಕ್ತಿಯಿಲ್ಲ.